ಬಾಯಿಗೆ ಬೀಗ ಬೇಡ, ಕಾವಲು ಬೇಕು

ಪ್ರಶ್ನೆ: ಯಜಮಾನರು ಸಂಜೆ ತೋಟದಿಂದ ಬರುತ್ತಿದ್ದಂತೆ ಸಾಲದ ಮಾತು ಶುರುವಾಗಿ ಜಗಳದಲ್ಲೇ ಮುಗಿಯುತ್ತದೆ. ಬಾಯಿಗೆ ಕಾವಲಿಡು ಅಂತ ಚರ್ಚಿನಲ್ಲಿ ಹೇಳುತ್ತಾರೆ. ಹಾಗಾದರೆ ಎಲ್ಲವನ್ನೂ ನುಂಗಿಕೊಂಡಿರಬೇಕೆ?
– ಓದುಗರು, ಮೂಡಿಗೆರೆ

ಉತ್ತರ: ಬೇಡ. ಬೈಬಲಿನ ಕೀರ್ತನೆ 141:3ರಲ್ಲಿ ಭಕ್ತ ಬೇಡುವುದು ತುಟಿಗಳ ಬಾಗಿಲಿಗೆ ಕಾವಲನ್ನು. ಕಾವಲಿನವನು ಬಾಗಿಲು ತೆಗೆಯುತ್ತಾನೆ, ಹೊತ್ತು ನೋಡಿ ತೆಗೆಯುತ್ತಾನೆ. 1 ಸಮುವೇಲ 25ರಲ್ಲಿ ಅಬೀಗೈಲ್, ಗಂಡನ ಮೇಲೆ ಸಿಟ್ಟಾಗಿದ್ದ ದಾವೀದನನ್ನು ಸಮಾಧಾನ ಮಾಡಿ ಮನೆಗೆ ಬಂದಾಗ ಆ ಗಂಡ ನಾಬಾಲ ಕುಡಿದು ಮತ್ತನಾಗಿದ್ದ. ಅವಳು ಆ ರಾತ್ರಿ ತುಟಿ ಬಿಚ್ಚಲಿಲ್ಲ. ಬೆಳಿಗ್ಗೆ ಅಮಲು ಇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದಳು. ನಾಬಾಲ ಒಳ್ಳೆಯ ಗಂಡನಲ್ಲ, ಆ ಕಥೆಯ ಕೊನೆಯೂ ಸುಖದ್ದಲ್ಲ. ಆದರೂ ಅವಳ ಹೊತ್ತಿನ ಲೆಕ್ಕ ಕಲಿಯುವಂಥದ್ದು.

ಕೊಯ್ಲಿನ ದಿನ ದಣಿದು ಹಸಿದು ಬಂದವರ ಮುಂದೆ ಸಾಲದ ಮಾತು ತೆಗೆಯಬೇಡಿ. ಭಾನುವಾರ ಊಟ ಆದ ಮೇಲೆ ಅರ್ಧ ಗಂಟೆ ಅದಕ್ಕೇ ಇಡಿ. ಪಾಸ್‌ಬುಕ್, ಲೆಕ್ಕದ ಪುಸ್ತಕ ಎದುರಿಗಿರಲಿ, ವಿಷಯ ಒಂದೇ ಇರಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ‘ನೀವು ಹೇಳಿದ್ದು ಹೀಗೆ ತಾನೇ?’ ಎಂದು ಒಮ್ಮೆ ಕೇಳಿ, ಆಮೇಲೆ ಉತ್ತರ ಕೊಡಲಿ. ಕೇಳಿಸಿಕೊಳ್ಳುವ ಮೊದಲೇ ಉತ್ತರಿಸುವುದು ಮೂರ್ಖತನ ಎನ್ನುತ್ತದೆ ಜ್ಞಾನೋಕ್ತಿ 18:13.

ಕೆಡುವುದು ಎಲ್ಲಿ ಅಂದರೆ ‘ಯಾವಾಗಲೂ ಇಷ್ಟೇ’, ‘ನಿಮ್ಮ ಮನೆಯವರೇ ಹಾಗೆ’ ಎಂಬಲ್ಲಿ. ಅಲ್ಲಿಗೆ ಸಾಲ ಮರೆತು ಮನೆತನದ ಮಾನ ಎದ್ದು ನಿಲ್ಲುತ್ತದೆ. ಜಗಳದ ಆರಂಭವನ್ನು ಜ್ಞಾನೋಕ್ತಿ 17:14 ನೀರಿಗೆ ದಾರಿ ಬಿಡುವುದಕ್ಕೆ ಹೋಲಿಸುತ್ತದೆ. ಗದ್ದೆ ಬದುವಿನ ಏಡಿ ಬಿಲ ನೋಡಿದ್ದೀರಲ್ಲ, ಬೆಳಿಗ್ಗೆ ಒಂದು ಹಿಡಿ ಕೆಸರಿಗೆ ಮುಚ್ಚುತ್ತದೆ, ಬಿಟ್ಟರೆ ಸಂಜೆಗೆ ಬದುವೇ ಇರುವುದಿಲ್ಲ. ದನಿ ಏರಿತು ಅನ್ನಿಸಿದ ಕೂಡಲೇ ‘ರೀ, ಈಗ ಬೇಡ, ಎಂಟೂವರೆಗೆ ಕೂರೋಣ’ ಎನ್ನಿ. ಗಂಟೆ ಹೇಳಲೇಬೇಕು, ಇಲ್ಲದಿದ್ದರೆ ತಪ್ಪಿಸಿಕೊಂಡಂತೆ ಕೇಳಿಸುತ್ತದೆ. ಎಂಟೂವರೆಗೆ ನೀವಾಗಿಯೇ ಬಂದು ಕೂರಿ.

ಕೈ ಎತ್ತುವ ಗಂಡನಿರುವ ಮನೆಗೆ ಈ ಉಪಾಯ ಸಾಲದು. ಅಲ್ಲಿ ಮೌನ ಧರ್ಮವಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಪ್ರಶ್ನೆ: ಜಗಳಗಂಟಿಯ ಜೊತೆ ಇರುವುದಕ್ಕಿಂತ ಮಾಳಿಗೆಯ ಮೂಲೆ ಮೇಲು ಎಂಬ ಜ್ಞಾನೋಕ್ತಿ 21:9 ಅನ್ನು ಹೆಂಡತಿಗೆ ಓದಿ ಹೇಳಿದೆ. ಎರಡು ದಿನದಿಂದ ಮಾತಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಗಂಡನಿಗೆಂದೇ ಬರೆದ ವಚನ ಕೊಲೊಸ್ಸೆ 3:19ರಲ್ಲಿದೆ: ಹೆಂಡತಿಯನ್ನು ಪ್ರೀತಿಸು, ಅವಳಿಗೆ ನಿಷ್ಠುರವಾಗಿರಬೇಡ. ನೀವು ಮೊದಲು ಓದಬೇಕಾದದ್ದು ಅದನ್ನು. ಎಫೆಸ 4:29 ಬಾಯಿಂದ ಬರಬಾರದೆನ್ನುವ ‘ಕೆಟ್ಟ ಮಾತಿ’ಗೆ ಮೂಲ ಗ್ರೀಕಿನಲ್ಲಿರುವ ಪದ ಸಾಪ್ರೋಸ್, ಅಂದರೆ ಕೊಳೆತದ್ದು. ಮತ್ತಾಯ 13:48ರಲ್ಲಿ ಬಲೆಯಿಂದ ಎತ್ತಿ ಬಿಸಾಡುವ ಮೀನಿಗೂ ಅದೇ ಪದ. ಕಾಫಿಯ ಕೊಳೆರೋಗ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ: ಮಳೆಗಾಲದಲ್ಲಿ ಒಂದು ಎಲೆ ಕಪ್ಪಾಗಿ ನೂಲಿಗೆ ನೇತಾಡುತ್ತದೆ, ತಾಗಿದ ಪಕ್ಕದ ಎಲೆಗೂ ಹತ್ತುತ್ತದೆ. ಆ ಎಲೆ ಕಿತ್ತು ತೆಗೆಯದಿದ್ದರೆ ರೋಗ ಹರಡುತ್ತಲೇ ಹೋಗುತ್ತದೆ.

ಹೊತ್ತು ಮುಳುಗುವ ಮೊದಲೇ ಸಿಟ್ಟು ಬಿಡಿ ಎನ್ನುತ್ತದೆ ಎಫೆಸದ ಅದೇ 4ನೇ ಅಧ್ಯಾಯದ 26ನೇ ವಚನ. ನಿಮ್ಮ ಮನೆಯಲ್ಲಿ ಎರಡು ಸಲ ಮುಳುಗಿದೆ. ಇವತ್ತು ಸಂಜೆ ಅವರ ಹತ್ತಿರ ಕೂತು ‘ಆ ವಚನವನ್ನು ನಿನಗೆ ನೋವಾಗಲಿ ಅಂತಲೇ ಓದಿದೆ, ತಪ್ಪಾಯ್ತು’ ಎನ್ನಿ. ಅದರ ಹಿಂದೆ ‘ಆದರೆ ನೀನೂ...’ ಸೇರಿಸಬೇಡಿ. ಅವರು ತಕ್ಷಣ ಮಾತಾಡದಿದ್ದರೂ ಒತ್ತಾಯ ಮಾಡಬೇಡಿ.