ಅನೈತಿಕ ವೈದ್ಯರು ಮತ್ತು ನಿಮ್ಮ ತಾತನ ಬೆಲ್ಲ

ಮಂಡ್ಯದಿಂದ ‘ಇಂಗ್ಲಿಷಿನ ಎಥಿಕ್ಸ್, ನಮ್ಮ ನೀತಿ’ ಎಂಬ ಲೇಖನ ಕಳಿಸಿದವರಿಗೆ,

ನಮಸ್ಕಾರ. ಕಾಗುಣಿತ ಶುದ್ಧವಾಗಿದೆ, ವಿಷಯ ಚೆನ್ನಾಗಿದೆ, ಹಾಳೆಯ ಒಂದೇ ಮಗ್ಗುಲಿಗೆ ಬರೆದಿದ್ದೀರಿ. ಸಂತೋಷ. ಆದರೂ ಪತ್ರಿಕೆಯಲ್ಲಿ ಹಾಕುತ್ತಿಲ್ಲ. ಎರಡು ಸಾಲಿನ ಚೀಟಿಯಲ್ಲಿ ಮುಗಿಸಬಹುದಿತ್ತು. ಎರಡನೇ ಪುಟದ ಒಂದು ಪದ ಮಾತ್ರ ರಾತ್ರಿಯೆಲ್ಲ ಮೈ ಪರಚಿಕೊಳ್ಳುವಂತೆ ಮಾಡಿತು, ಅದಕ್ಕೇ ಇಷ್ಟುದ್ದದ ಕಾಗದ.

ಅದಕ್ಕೆ ಮುಂಚೆ ನಿಮ್ಮ ಮೊದಲ ಸಾಲು: “ಎಥಿಕ್ಸ್ ಗ್ರೀಕಿನಿಂದ ಬಂದದ್ದು, ಮಾರಲ್ ಲ್ಯಾಟಿನ್ನಿನಿಂದ ಬಂದದ್ದು, ಆದ್ದರಿಂದ ಇವೆರಡರ ಅರ್ಥ ಬೇರೆ.” ಆ ‘ಆದ್ದರಿಂದ’ ಎಲ್ಲಿಂದ ಬಂತು? ಗ್ರೀಕರ ಪದಕ್ಕೆ ಲ್ಯಾಟಿನ್ನಿನಲ್ಲಿ ಸಾಟಿ ಬೇಕೆಂದು ರೋಮಿನ ವಾಗ್ಮಿ ಸಿಸೆರೋ ಟಂಕಿಸಿದ್ದೇ ‘ಮೊರಾಲಿಸ್’. ಒಂದರ ಅನುವಾದ ಇನ್ನೊಂದು. ಎರಡರ ಬೇರಲ್ಲೂ ಇರುವುದು ರೂಢಿ, ನಡತೆ. ಅವನ್ನು ಬೇರೆ ಮಾಡಿದ್ದು ಹುಟ್ಟಲ್ಲ, ಬಳಕೆ. ಇವತ್ತಿನ ಇಂಗ್ಲಿಷ್ ಮಾತಿನಲ್ಲಿ ಮಾರಲ್ ಅಂದರೆ ಹೆಚ್ಚಾಗಿ ಅವರವರ ಒಳಮನಸ್ಸಿನ ಸರಿ-ತಪ್ಪು. ಎಥಿಕ್ಸ್ ಅಂದರೆ ಹೆಚ್ಚಾಗಿ ಒಂದು ವೃತ್ತಿಯವರು ಒಪ್ಪಿಕೊಂಡ ಕಟ್ಟುಪಾಡು. ಕಕ್ಷಿದಾರ ‘ಹೌದು ಸಾರ್, ನಾನೇ ಹೊಡೆದಿದ್ದು’ ಅಂದದ್ದನ್ನು ವಕೀಲರು ಹೊರಗೆ ಬಾಯಿಬಿಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಆ ಕಟ್ಟು ಇತ್ತು. ಅವರ ಮನಸ್ಸಿಗೆ ಚುಚ್ಚುವುದು ಮಾರಲ್, ಬಾಯಿ ಕಟ್ಟುವುದು ಎಥಿಕ್ಸ್. ಇಂಥದೊಂದು ಉದಾಹರಣೆ ನಿಮ್ಮ ಆರು ಪುಟದಲ್ಲಿ ಎಲ್ಲೂ ಇಲ್ಲ.

ಈಗ ಆ ಪದ. “ಇತ್ತೀಚೆಗೆ ಅನೈತಿಕ ವೈದ್ಯರು ಹೆಚ್ಚುತ್ತಿದ್ದಾರೆ.” ಲ್ಯಾಬಿನಿಂದ ಕಮಿಷನ್ ತಿನ್ನುವವರ ಬಗ್ಗೆ ಹೇಳಹೊರಟಿದ್ದೀರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಅದನ್ನು ತಪ್ಪೆನ್ನುತ್ತದೆ. ಅದರ ಹೆಸರಿನಲ್ಲಿ ವೃತ್ತಿನಡತೆ, ಶಿಷ್ಟಾಚಾರ, ಎಥಿಕ್ಸ್ ಮೂರೂ ಇವೆ. ಮಾರಲ್ ಇಲ್ಲ, ಗಮನಿಸಿ. ಆದರೆ ಕನ್ನಡ ಪತ್ರಿಕೆ ಓದುವವರಿಗೆ ‘ಅನೈತಿಕ’ ಕಂಡ ಕೂಡಲೇ ನೆನಪಾಗುವ ಮುಂದಿನ ಪದ ‘ಸಂಬಂಧ’. ಆ ಪದವನ್ನು ಮಂಚದ ಕಾಲಿಗೆ ಕಟ್ಟಿಹಾಕಿದವರು ನಾವು, ಪತ್ರಿಕೆಯವರೇ.

ಇದು ನನಗೆ ಗೊತ್ತಾದದ್ದು ಬೈಸಿಕೊಂಡು. ಮೈಸೂರಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಹುಡುಗನಾಗಿ ಸೇರಿದ್ದೆ. ಒಂದು ರಾತ್ರಿ ಇಂಗ್ಲಿಷ್ ಸುದ್ದಿಯೊಂದನ್ನು ಕನ್ನಡಕ್ಕೆ ಇಳಿಸಿ, ‘ಇಬ್ಬರು ವೈದ್ಯರ ಅನೈತಿಕ ವ್ಯವಹಾರ’ ಎಂದು ತಲೆಬರಹ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೆಲ್ಲ ಅವರಲ್ಲೊಬ್ಬರು ಆಫೀಸಿನ ಮೆಟ್ಟಿಲ ಮೇಲೆ. “ಕಮಿಷನ್ ವಿಷಯ ನಾನು ನೋಡ್ಕೋತೀನಿ ಕಣ್ರೀ, ಮನೇಲಿ ಹೆಂಡತಿಗೆ ಏನಂತ ಹೇಳಲಿ?” ನಮ್ಮ ಮುಖ್ಯ ಉಪಸಂಪಾದಕರು ಅವರಿಗೆ ಕಾಫಿ ಕೊಡಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮೂರಲ್ಲಿ ತೂಕಕ್ಕೆ ಮೋಸ ಮಾಡೋನಿಗೆ ಅನೈತಿಕ ಶೆಟ್ಟಿ ಅಂತಾರೇನೋ?” ಅಂದರು. ಇಲ್ಲ ಸಾರ್, ನಿಯತ್ತಿಲ್ಲದವನು ಅಂತಾರೆ, ಅಂದೆ. “ಮತ್ತೆ?” ಅಷ್ಟೇ. ಆ ‘ಮತ್ತೆ’ ಈಗಲೂ ಕಿವಿಯಲ್ಲಿದೆ. ನಿಯತ್ತು ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಸಂಕಲ್ಪ ಎಂಬರ್ಥ. (ನೋಡಿ, ನಾನೂ ಬೇರು ಅಗೆಯಲು ಕೂತೆ.) ಕಸುಬಿನ ನಿಯತ್ತು ಅಂದರೆ ಎಥಿಕ್ಸಿಗೆ ಬೇಕಾದ್ದೆಲ್ಲ ಬಂತು. ‘ನೀತಿ’ಯನ್ನಂತೂ ಸರ್ಕಾರ ಶಿಕ್ಷಣಕ್ಕೂ ಕೈಗಾರಿಕೆಗೂ ಎಳೆದುಕೊಂಡು ಹೋಗಿ ಬಹಳ ವರ್ಷವಾಯಿತು.

‘ವರ್ಕ್ ಎಥಿಕ್’ ಅನ್ನು ‘ಕೆಲಸದ ನೈತಿಕತೆ’ ಮಾಡಿದ್ದೀರಿ. ಅದು ಬರಿಯ ದುಡಿಮೆಯ ಶ್ರದ್ಧೆ. ಜೇಬುಗಳ್ಳನಿಗೂ ಇರುತ್ತದೆ; ಜಂಬೂಸವಾರಿಯ ದಿನ ಅವನು ರಜೆ ಹಾಕುವುದಿಲ್ಲ. ಔಷಧಿ ಅಂಗಡಿಯವರ ಬಾಯಲ್ಲಿ ‘ಎಥಿಕಲ್’ ಅಂದರೆ ಡಾಕ್ಟರ ಚೀಟಿಯ ಮೇಲೆ ಓಡುವ ಕಂಪನಿ ಮಾತ್ರೆ. ಇವನ್ನೆಲ್ಲ ಯಾವ ನಿಘಂಟಿಗೂ ಮೊದಲು ಕಿವಿಯಿಂದ ಹಿಡಿಯಬೇಕಿತ್ತು.

ಐದನೇ ಪುಟದಲ್ಲಿ ಒಂದೇ ಸಾಲು: “ನನ್ನ ತಾತನವರು ನೈತಿಕ ಮೌಲ್ಯಗಳಿಗೆ ಬದ್ಧರಾಗಿ ಆಲೆಮನೆಯಲ್ಲಿ ಬೆಲ್ಲಕ್ಕೆ ಹೈಡ್ರೋಸ್ ಹಾಕುತ್ತಿರಲಿಲ್ಲ.” (ಹೈಡ್ರೋಸ್ ಅಂದರೆ ಬೆಲ್ಲವನ್ನು ಬೆಳ್ಳಗೆ ಮಾಡುವ ರಾಸಾಯನಿಕ ಪುಡಿ.) ಓದುತ್ತಾ ಬಂದವನು ಇಲ್ಲಿ ಎದ್ದು ಕೂತೆ, ಮರುಗಳಿಗೆಗೆ ರೇಗಿತು. ‘ನೈತಿಕ ಮೌಲ್ಯಗಳಿಗೆ ಬದ್ಧ’ ಅನ್ನುವುದು ಗೈಡಿನ ಮಾತು; 2013ರಲ್ಲಿ ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಎಥಿಕ್ಸ್ ಪತ್ರಿಕೆ ಸೇರಿದ ಮೇಲೆ ಎಲ್ಲರ ಬರಹದಲ್ಲೂ ನುಸುಳುತ್ತಿದೆ. ಬೆಲ್ಲ ಬೆಳ್ಳಗಿದ್ದರೆ ಮಂಡಿಯಲ್ಲಿ ಒಳ್ಳೆ ರೇಟು ಎಂದು ಗೊತ್ತಿದ್ದೂ ಕಪ್ಪು ಬೆಲ್ಲ ಹೊತ್ತುಕೊಂಡು ಹೋದ ಮನುಷ್ಯ ಕೊಪ್ಪರಿಗೆ ಮುಂದೆ ನಿಂತು ಹಾಗೆ ಮಾತಾಡಿರಲಾರರು. ಪಕ್ಕದ ಆಲೆಮನೆಯವನು ‘ಒಂದು ಚಿಟಿಕೆ ಹಾಕಿ ಗೌಡ್ರೇ’ ಅಂದಾಗ ಅವರು ಏನಂದರು? ಬೈದರೆ? ನಕ್ಕರೆ?

ತಾತ ಇದ್ದರೆ ಅವರನ್ನೇ ಕೇಳಿ, ಇಲ್ಲದಿದ್ದರೆ ಅಜ್ಜಿಯನ್ನು. ಬೈಗುಳವಾಗಿದ್ದರೂ ಪರವಾಗಿಲ್ಲ, ಹಾಗೇ ಬರೆದು ಕಳಿಸಿ. ಉಳಿದ ಐದು ಪುಟ ಇಲ್ಲೇ ಇರಲಿ.

— ಸಂ.