ಎಲ್‌ಜಿಬಿಟಿ ಚಳವಳಿಯಲ್ಲಿ ಟ್ರಾನ್ಸ್‌ಜೆಂಡರ್ ಜನ ಆಮೇಲೆ ಸೇರಿಕೊಂಡವರಾ?

ಇಲ್ಲ. ‘ಎಲ್‌ಜಿಬಿಟಿ’ (ಲೆಸ್ಬಿಯನ್, ಗೇ, ಬೈಸೆಕ್ಷುವಲ್, ಟ್ರಾನ್ಸ್‌ಜೆಂಡರ್) ಹೆಸರಿಗೆ ‘ಟಿ’ ಅಕ್ಷರ ತಡವಾಗಿ ಸೇರಿತು ನಿಜ, ಆದರೆ ಆ ಜನ ಮೊದಲಿಂದಲೂ ಇದ್ದರು. 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಪೊಲೀಸನೊಬ್ಬ ಟ್ರಾನ್ಸ್ ಮಹಿಳೆಯೊಬ್ಬರ ಮೈಮೇಲೆ ಕೈಹಾಕಿದ. ಆಕೆ ಕಾಫಿಯನ್ನು ಅವನ ಮುಖಕ್ಕೇ ಎರಚಿದರು. ತಟ್ಟೆ, ಸಕ್ಕರೆ ಡಬ್ಬಿ ಹಾರಾಡಿದವು, ಕಿಟಕಿ ಗಾಜು ಪುಡಿಯಾಯಿತು. ಎಲ್ಲರಿಗೂ ಗೊತ್ತಿರುವ ಸ್ಟೋನ್‌ವಾಲ್ ದಂಗೆ (ನ್ಯೂಯಾರ್ಕ್‌ನ ಗೇ ಬಾರ್ ಒಂದರ ಮೇಲಿನ ಪೊಲೀಸ್ ದಾಳಿಯ ವಿರುದ್ಧ ಎದ್ದದ್ದು) ಆಗಿದ್ದು 1969ರಲ್ಲಿ, ಅಂದರೆ ಇದಾದ ಮೂರು ವರ್ಷಕ್ಕೆ ಅಲ್ವಾ? ಅಲ್ಲೂ ಟ್ರಾನ್ಸ್ ಹೋರಾಟಗಾರ್ತಿ ಮಾರ್ಷಾ ಪಿ. ಜಾನ್ಸನ್ ಇದ್ದರು. 1970ರಲ್ಲಿ ಅವರು ಮತ್ತು ಇನ್ನೊಬ್ಬ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೇರಾ ‘ಸ್ಟಾರ್’ ಸಂಘಟನೆ ಕಟ್ಟಿ, ಬೀದಿಗೆ ಬಿದ್ದ ಎಳೆಯರಿಗೆ ಸೂರು ಕೊಟ್ಟರು.

ನನಗೆ ಜಾಸ್ತಿ ಸಂಕಟವಾಗುವುದು 1973ರ ಘಟನೆ ನೆನೆದಾಗ. ನ್ಯೂಯಾರ್ಕ್‌ನ ಪ್ರೈಡ್ (ಎಲ್‌ಜಿಬಿಟಿ ಜನರ ವಾರ್ಷಿಕ ಮೆರವಣಿಗೆ) ಸಭೆಯಲ್ಲಿ, ಜೈಲಿನಲ್ಲಿದ್ದ ತಮ್ಮವರ ಪರವಾಗಿ ಮಾತಾಡಲು ವೇದಿಕೆ ಹತ್ತಿದ ಸಿಲ್ವಿಯಾ ಅವರಿಗೆ ಅದೇ ಚಳವಳಿಯ ಜನ ಧಿಕ್ಕಾರ ಕೂಗಿದರು. ಆದರೂ ಅವರು ಮೈಕ್ ಬಿಡಲಿಲ್ಲ.