ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಗಾಳಿಗುಳ್ಳೆಯ ಅಪಾಯ

ಪ್ರಶ್ನೆ: ನಮ್ಮ ತಂದೆಯವರಿಗೆ ಮುಂದಿನ ತಿಂಗಳು ಮೈಟ್ರಲ್ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಹೃದಯ-ಶ್ವಾಸಕೋಶ ಯಂತ್ರದಲ್ಲಿ ರಕ್ತಕ್ಕೆ ಗಾಳಿಗುಳ್ಳೆ ಸೇರಿ ಮಿದುಳಿಗೆ ತೊಂದರೆಯಾಗಬಹುದೆಂದು ಒಪ್ಪಿಗೆ ಪತ್ರದಲ್ಲಿ ಓದಿ ಗಾಬರಿಯಾಗಿದೆ. ಡ್ರಿಪ್ ನಳಿಕೆಯಲ್ಲಿ ಸಣ್ಣ ಗುಳ್ಳೆ ಕಂಡರೆ ಹೆದರಬೇಡಿ ಎನ್ನುತ್ತಾರಲ್ಲ, ಇಲ್ಲೇಕೆ ಅಪಾಯ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲೇ ವಿಷಯದ ತಿರುಳಿದೆ. ಡ್ರಿಪ್ ಮೂಲಕ ಅಭಿಧಮನಿಗೆ ಸೇರಿದ ಸಣ್ಣ ಗುಳ್ಳೆ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿ ಕರಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರವಾದರೋ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸದೆ ನೇರವಾಗಿ, ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ತಳ್ಳುವುದರಿಂದ, ದೇಹದ ಆ ಸಹಜ ಜರಡಿ ಅಷ್ಟು ಹೊತ್ತು ಇಲ್ಲದಂತಾಗುತ್ತದೆ. ಅಲ್ಲಿಗೆ ಬಂದ ಗುಳ್ಳೆ ಮಿದುಳಿನ ನಾಳವನ್ನು ಅಡ್ಡಗಟ್ಟಿದರೆ ಪಾರ್ಶ್ವವಾಯು ಆಗಬಹುದು. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಬಲ ಕರೋನರಿ ನಾಳಕ್ಕೆ ಹೋದರೆ ಹೃದಯದ ಬಡಿತ ಸ್ವಲ್ಪ ಕಾಲ ದುರ್ಬಲವಾಗಬಹುದು.

1953ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು ಈ ಯಂತ್ರದ ನೆರವಿನಿಂದ ಮೊದಲ ಯಶಸ್ವಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಸಿದರು. ಆನಂತರದ ದಶಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಬಗೆಯ ಸಾಧನದಲ್ಲಿ ಆಮ್ಲಜನಕವನ್ನು ರಕ್ತದೊಳಗೇ ಗುಳ್ಳೆಗುಳ್ಳೆಯಾಗಿ ಹಾಯಿಸಿ, ಎದ್ದ ನೊರೆಯನ್ನು ಸಿಲಿಕೋನ್ ಲೇಪದಿಂದ ಒಡೆಯುತ್ತಿದ್ದರು. ಇಂದು ರಕ್ತಕ್ಕೂ ಆಮ್ಲಜನಕಕ್ಕೂ ನಡುವೆ ತೆಳುವಾದ ಪೊರೆ ಇರುವುದರಿಂದ ಗುಳ್ಳೆಗಳು ಬಹಳ ಕಡಿಮೆಯಾಗಿವೆ, ಆದರೆ ಪೂರ್ತಿ ಇಲ್ಲವಾಗಿಲ್ಲ. ರಕ್ತ ಶೇಖರಿಸುವ ಪಾತ್ರೆಯಲ್ಲಿ ಮಟ್ಟ ಇಳಿದರೆ ಗಾಳಿ ಪಂಪಿಗೆ ಸೇರುತ್ತದೆ. ಪಂಪು ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ತಳ್ಳುವುದರಿಂದ ಪಾತ್ರೆ ಬರಿದಾಗಲು ಕೆಲವೇ ಸೆಕೆಂಡುಗಳು ಸಾಕು. ಶಸ್ತ್ರಚಿಕಿತ್ಸೆಗಾಗಿ ತಣ್ಣಗಾಗಿಸಿದ್ದ ರಕ್ತವನ್ನು ಅವಸರದಿಂದ ಬಿಸಿಮಾಡಿದರೂ ಅದರಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ.

ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೊಂದು ಮೂಲವನ್ನು ಗಮನಿಸಬೇಕು. ಮೈಟ್ರಲ್ ಕವಾಟ ತಲುಪಲು ಹೃದಯದ ಎಡಭಾಗವನ್ನು ತೆರೆಯಬೇಕಾದ್ದರಿಂದ, ಹೊಲಿದು ಮುಚ್ಚಿದ ಮೇಲೂ ಅಲ್ಲಿ ಗಾಳಿ ಉಳಿದಿರುತ್ತದೆ, ಹೃದಯ ಮತ್ತೆ ಬಡಿಯತೊಡಗಿದಾಗ ಅದು ಮಿದುಳಿನ ಕಡೆ ಹೋಗಬಹುದು. ಆದ್ದರಿಂದ ಎದೆಯ ತೆರೆದ ಭಾಗಕ್ಕೆ ಇಂಗಾಲದ ಡೈ ಆಕ್ಸೈಡ್ ಹಾಯಿಸುವ ರೂಢಿ ಅನೇಕ ಕಡೆ ಇದೆ. ಅದು ಗಾಳಿಗಿಂತ ಭಾರವಾದ್ದರಿಂದ ಗಾಳಿಯನ್ನು ಹೊರದೂಡುತ್ತದೆ, ರಕ್ತದಲ್ಲಿ ಗಾಳಿಗಿಂತ ಬಹಳ ಬೇಗ ಕರಗುತ್ತದೆ. ಅನ್ನನಾಳದ ಮೂಲಕ ಇಳಿಸಿದ, ಶಬ್ದತರಂಗಗಳಿಂದ ಹೃದಯದ ಚಿತ್ರ ತೋರಿಸುವ ಎಕೋ ಸಾಧನದಲ್ಲಿ ಗುಳ್ಳೆಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಅದನ್ನು ನೋಡುತ್ತಲೇ ಮಹಾಪಧಮನಿಯ ಬುಡದಲ್ಲಿ ಸಣ್ಣ ನಳಿಕೆಯಿಂದ ಗಾಳಿ ಹೀರಿ ತೆಗೆಯುತ್ತಾರೆ.

ಯಂತ್ರದ ಬಳಿ ಪರ್ಫ್ಯೂಷನಿಸ್ಟ್ ಎಂಬ ತರಬೇತಾದ ತಂತ್ರಜ್ಞರು ಇರುತ್ತಾರೆ. ಮಟ್ಟ ತೋರಿಸುವ ಎಚ್ಚರಿಕೆ ಗಂಟೆ, ಗುಳ್ಳೆ ಪತ್ತೆಮಾಡುವ ಸಾಧನ, ಸೂಕ್ಷ್ಮ ಸೋಸುಕ ಇವೆಲ್ಲವನ್ನೂ ನೋಡಿಕೊಳ್ಳುವ ಇವರ ಜಾಗರೂಕತೆಯನ್ನು ನಾನು ಸಾಧನಗಳಿಗಿಂತಲೂ ಹೆಚ್ಚು ನಂಬುತ್ತೇನೆ. ದೊಡ್ಡ ಪ್ರಮಾಣದಲ್ಲಿ ಗಾಳಿ ಸೇರಿತೆಂದರೆ ಕೂಡಲೇ ಪಂಪು ನಿಲ್ಲಿಸಿ, ತಲೆಯ ಭಾಗವನ್ನು ತಗ್ಗಿಸಿ, ಗಾಳಿ ಹೊರಹಾಕುವ ಕ್ರಮ ಆರಂಭಿಸುತ್ತಾರೆ, ಇಂಥದ್ದು ಅಪರೂಪ. ಸೂಕ್ಷ್ಮ ಗುಳ್ಳೆಗಳು ಮಾತ್ರ ಬಹುತೇಕ ಎಲ್ಲರಲ್ಲೂ ಸ್ವಲ್ಪ ಇದ್ದೇ ಇರುತ್ತವೆ, ಹೆಚ್ಚಿನವರಲ್ಲಿ ಹೊರಗೆ ಕಾಣುವ ತೊಂದರೆ ಉಂಟಾಗುವುದಿಲ್ಲ.

ತಂದೆಯವರಿಗೆ ಹಿಂದೆ ಪಾರ್ಶ್ವವಾಯು ಬಂದಿದ್ದರೆ ಅದನ್ನು ಶಸ್ತ್ರವೈದ್ಯರಿಗೆ ತಪ್ಪದೆ ತಿಳಿಸಿ, ಎಕೋ ನೋಡಿಕೊಂಡು ಗಾಳಿ ತೆಗೆಯುವ ವ್ಯವಸ್ಥೆ ಅಲ್ಲಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.